ವೃತ್ತದೊಳಗಿನ ಬಿಂದು

ಸಮತಲದಲ್ಲಿ ಬಿಂದುವನ್ನು ಗುರುತಿಸಲು ಎಕ್ಸ್ ಮತ್ತು ವೈ ಎಂಬ ಎರಡು ಸಂಖ್ಯೆಗಳು ಸಾಕು. ವೃತ್ತಕ್ಕೆ ಕೇಂದ್ರದ ಆ ಎರಡರ ಜೊತೆ ತ್ರಿಜ್ಯವೂ ಬೇಕು. ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಕಲಿಸುವ ಕೆಲವು ಪಠ್ಯಗಳು ಇಷ್ಟನ್ನೇ ಹಿಡಿದು ಬಿಂದುವಿನ ಕ್ಲಾಸಿನಿಂದ ವೃತ್ತದ ಕ್ಲಾಸನ್ನು ಹುಟ್ಟಿಸುತ್ತವೆ; ಅದಕ್ಕೆ ಎತ್ತರ ಸೇರಿಸಿ ಸಿಲಿಂಡರನ್ನೂ ಹುಟ್ಟಿಸುತ್ತವೆ. ಮೂಲ ಕ್ಲಾಸಿನಲ್ಲಿರುವುದೆಲ್ಲ ಹೊಸ ಕ್ಲಾಸಿಗೂ ದಕ್ಕುವ ಈ ಏರ್ಪಾಡೇ ಇನ್‌ಹೆರಿಟೆನ್ಸ್. ನಾರ್ವೆಯ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗೋರ್ಡ್ 1967ರ ಸಿಮುಲಾ 67 ಭಾಷೆಯಲ್ಲೇ ಇದಕ್ಕೆ ರೂಪ ಕೊಟ್ಟಿದ್ದರು. (ಕನ್ನಡದಲ್ಲಿ ‘ವರ್ಗ’ ಎಂದರೆ ಚೌಕವೂ ಹೌದು, ಕ್ಲಾಸೂ ಹೌದು, ಗೊಂದಲವಾಗದಿರಲೆಂದು ಇಲ್ಲಿ ಕ್ಲಾಸ್ ಎಂದೇ ಬಳಸಿದೆ.)

ಬಿಂದುವಿನಿಂದ ವೃತ್ತವನ್ನು ಹುಟ್ಟಿಸಿದರೆ ನಾಲ್ಕು ಸಾಲು ಬರೆಯುವ ಶ್ರಮ ಉಳಿಯುತ್ತದೆ, ನಿಜ. ಆದರೆ ಇನ್‌ಹೆರಿಟೆನ್ಸ್ ಒಂದು ಮಾತನ್ನೂ ಕೊಟ್ಟಿರುತ್ತದೆ: ಬಿಂದು ಬೇಕಾದ ಕಡೆಯಲ್ಲೆಲ್ಲ ವೃತ್ತವನ್ನು ಕೊಟ್ಟರೂ ನಡೆಯಬೇಕು. ಎರಡು ಬಿಂದುಗಳ ದೂರ ಅಳೆಯುವ ಫಂಕ್ಷನ್‌ಗೆ 3 ಮತ್ತು 2 ತ್ರಿಜ್ಯದ ಎರಡು ವೃತ್ತಗಳನ್ನು ಕೊಟ್ಟರೆ ಏನಾಗುತ್ತದೆ? ಕೇಂದ್ರಗಳ ನಡುವೆ 5 ಮಾನ ಅಂತರವಿದ್ದರೆ ವೃತ್ತಗಳು ಒಂದನ್ನೊಂದು ಮುಟ್ಟಿರುತ್ತವೆ, ಅವುಗಳ ನಡುವಿನ ದೂರ ಸೊನ್ನೆ. ಪ್ರೋಗ್ರಾಮ್ ಮಾತ್ರ 5 ಎನ್ನುತ್ತದೆ. ಕಂಪೈಲರ್ ಚಕಾರ ಎತ್ತುವುದಿಲ್ಲ.

ವೃತ್ತ ಬಿಂದುವಲ್ಲ, ವೃತ್ತಕ್ಕೆ ಕೇಂದ್ರವಾಗಿ ಒಂದು ಬಿಂದು ಇದೆ. ಆ ಬಿಂದುವನ್ನು ವೃತ್ತದ ಕ್ಲಾಸಿನೊಳಗೆ ಒಂದು ಭಾಗವಾಗಿ ಇಟ್ಟುಕೊಳ್ಳುವುದೇ ಕಾಂಪೊಸಿಷನ್. ವೃತ್ತವನ್ನು ಸರಿಸು ಎಂದರೆ ಅದು ತನ್ನ ಕೇಂದ್ರಕ್ಕೆ ಆ ಕೆಲಸ ಒಪ್ಪಿಸುತ್ತದೆ. ಅದಕ್ಕಾಗಿ ಒಂದೆರಡು ಸಾಲು ಹೆಚ್ಚು ಬರೆಯಬೇಕು. ಇಲ್ಲೂ ಎಚ್ಚರ ಬೇಕು: ಎರಡು ವೃತ್ತಗಳು ಒಂದೇ ಬಿಂದುವಿನ ಆಬ್ಜೆಕ್ಟನ್ನು ಹಂಚಿಕೊಂಡರೆ ಒಂದನ್ನು ಸರಿಸಿದಾಗ ಇನ್ನೊಂದೂ ಸರಿಯುತ್ತದೆ. ಬಿಂದುವಿನ ಪ್ರತಿ ಮಾಡಿಟ್ಟುಕೊಳ್ಳುವುದು ಕ್ಷೇಮ.

ಚೌಕ ಮತ್ತು ಆಯತದ ಕಥೆ ಇನ್ನೂ ಸೂಕ್ಷ್ಮ. ಗಣಿತದಲ್ಲಿ ಪ್ರತಿ ಚೌಕವೂ ಆಯತವೇ. ಆದರೆ ಆಯತದ ಅಗಲವನ್ನು 5 ಮಾಡಿ, ಬಳಿಕ ಎತ್ತರವನ್ನು 4 ಮಾಡಿದವರು ವಿಸ್ತೀರ್ಣ 20 ಎಂದು ನಂಬುತ್ತಾರೆ. ಅಲ್ಲಿ ಚೌಕವಿದ್ದರೆ ಎತ್ತರದ ಜೊತೆ ಅಗಲವೂ 4 ಆಗಿ ಉತ್ತರ 16ಕ್ಕೆ ಇಳಿಯುತ್ತದೆ. ಕಂಪ್ಯೂಟರ್ ವಿಜ್ಞಾನಿ ಬಾರ್ಬರಾ ಲಿಸ್ಕೋವ್ 1987ರ ಭಾಷಣದಲ್ಲಿ ಮುಂದಿಟ್ಟು, 1994ರಲ್ಲಿ ಜೆನೆಟ್ ವಿಂಗ್ ಜೊತೆಗಿನ ಪ್ರಬಂಧದಲ್ಲಿ ಬೆಳೆಸಿದ ನಿಯಮವನ್ನು ಇದು ಮುರಿಯುತ್ತದೆ: ಹುಟ್ಟಿದ ಕ್ಲಾಸ್ ಮೂಲ ಕ್ಲಾಸಿನ ನಡವಳಿಕೆಯನ್ನೂ ಉಳಿಸಿಕೊಳ್ಳಬೇಕು. ಒಮ್ಮೆ ರಚಿಸಿದ ಮೇಲೆ ಅಳತೆ ಬದಲಾಗದಂತೆ ಮಾಡಿದರೆ ಈ ತೊಡಕೇ ಇರುವುದಿಲ್ಲ. ಆಗ ಚೌಕವನ್ನು ಆಯತದಿಂದ ನಿಶ್ಚಿಂತೆಯಿಂದ ಹುಟ್ಟಿಸಬಹುದು.

ಹಾಗೆಂದು ಇನ್‌ಹೆರಿಟೆನ್ಸನ್ನು ಪೂರ್ತಿ ಬಿಡಬೇಕಿಲ್ಲ. ವಿಸ್ತೀರ್ಣ ಹೇಳಬಲ್ಲದ್ದೆಲ್ಲ ‘ಆಕೃತಿ’ ಎಂದು ಗೊತ್ತುಮಾಡಿ, ವೃತ್ತ, ಆಯತ, ತ್ರಿಭುಜಗಳನ್ನು ಅದರಿಂದ ಹುಟ್ಟಿಸುವುದು ಸರಿಯಾದ ಬಳಕೆ. ಜಾವಾದ ಗ್ರಾಫಿಕ್ಸ್ ಲೈಬ್ರರಿಯಾದ ಜಾವಾಎಫ್‌ಎಕ್ಸ್‌ನ ಸರ್ಕಲ್ ಕ್ಲಾಸ್ ಹಾಗೆಯೇ ಇದೆ: ಅದು ಹುಟ್ಟಿರುವುದು ಶೇಪ್‌ನಿಂದ, ಕೇಂದ್ರದ ಎಕ್ಸ್, ವೈ ಮತ್ತು ತ್ರಿಜ್ಯ ಅದರ ಒಳಗಿನ ಭಾಗಗಳು.