ಕೀಲಿಮಣೆಯ ಹಾಜರಿಪಟ್ಟಿ

ಬಾವಿಯ ರಾಟೆ ಕಿರುಗುಟ್ಟಿದರೆ ಎಣ್ಣೆ ಬಿಡಬೇಕೆಂದೂ, ಗೋಡೆಯ ಗಡಿಯಾರ ನಿಂತರೆ ಮೊದಲು ಕೀಲಿ ಕೊಟ್ಟು ನೋಡಬೇಕೆಂದೂ ನಮ್ಮ ಮನೆಗಳಲ್ಲಿ ಎಲ್ಲರೂ ಬಲ್ಲರು. ಮೇಜಿನ ಮೇಲಣ ಕಂಪ್ಯೂಟರು ಕೆಟ್ಟಿತೆಂದರೆ ಮಾತ್ರ ಯಜಮಾನರು ಕೈಚೆಲ್ಲಿ ಕುಳಿತು, ರಿಪೇರಿಯವನು ಹೇಳಿದ್ದೇ ವೇದವಾಕ್ಯವೆಂದು ನಂಬಿಬಿಡುವರು.

ಹೋದ ಮಳೆಗಾಲದಲ್ಲಿ ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದಲ್ಲಿರುವ ನಮ್ಮ ತಂಗಿಯ ಮನೆಗೆ ಹೋಗಿದ್ದೆವು. ಮನೆಮಂದಿಯ ಮುಖವೆಲ್ಲ ಬಾಡಿದ್ದಿತು. ತಂಗಿಯ ಮಗಳು ವಿದ್ಯಾರ್ಥಿವೇತನಕ್ಕೆ ಅರ್ಜಿ ಕಳುಹಿಸಲು ಅಂದೇ ಕಡೆಯ ದಿನ. ಅರ್ಜಿಯೊಡನೆ ಕನ್ನಡದಲ್ಲಿ ಎರಡು ಪುಟದ ವಿವರಣೆಯನ್ನೂ ಬರೆಯಬೇಕಾಗಿತ್ತು. ಹಿಂದಿನ ರಾತ್ರಿ ಸಿಡಿಲು ಹೊಡೆದು ವಿದ್ಯುತ್ತು ಹೋಗಿ ಬಂದಿತ್ತಂತೆ. ಬೆಳಗಾಗಿ ನೋಡಿದರೆ ಪರದೆ ಹೊಳೆಯುತ್ತಿದೆ, ಮೌಸು ಓಡಾಡುತ್ತಿದೆ, ಕೀಲಿಮಣೆಯ ಒಂದು ಕೀಲಿಯೂ ಅಕ್ಷರ ಮೂಡಿಸದು. ರಿಪೇರಿಯವನು ಫೋನಿನಲ್ಲಿಯೇ ತೀರ್ಪು ಕೊಟ್ಟಿದ್ದನು: ಸಿಡಿಲಿಗೆ ಮದರ್‌ಬೋರ್ಡು ಸುಟ್ಟಿದೆ, ಹೊಸ ಯಂತ್ರವನ್ನೇ ಕೊಳ್ಳಿ. ಶುಂಠಿ ಮಾರಿದ ಹಣವನ್ನು ಮಗಳ ಹಾಸ್ಟೆಲಿಗೆಂದು ತೆಗೆದಿಟ್ಟಿದ್ದರು. ಅದಕ್ಕೇ ಕೈಹಾಕುವುದೆಂದು ತಂಗಿಯ ಯಜಮಾನರು ನಿಶ್ಚಯಿಸಿದ್ದರು.

"ಸುಟ್ಟಿದೆಯೆಂದು ಯಂತ್ರವೇ ಹೇಳಿತೇನಮ್ಮ?" ಎಂದು ಹುಡುಗಿಯನ್ನು ಕೇಳಿದೆವು.

"ಯಂತ್ರವನ್ನು ಕೇಳುವುದು ಹೇಗೆ ಮಾವ?"

ಕೇಳುವ ದಾರಿಯುಂಟು. ಆ ಮನೆಯ ಕಂಪ್ಯೂಟರಿನಲ್ಲಿದ್ದುದು ಲಿನಕ್ಸ್; ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದುದು. (ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳಿಗೆ ಇದು ಪಾಠದ ಕೊಠಡಿಯಲ್ಲಿಯೇ ಪರಿಚಿತ.) ಇದರಲ್ಲಿ ಟರ್ಮಿನಲ್ ಎಂಬ ಕಪ್ಪು ಹಲಗೆಯನ್ನು ತೆರೆದು ಒಂದು ಸಾಲು ಆಜ್ಞೆ ಬರೆದರೆ, ತನಗೆ ಕಂಡ ಸಲಕರಣೆಗಳ ಹೆಸರನ್ನು ಯಂತ್ರವು ಓದಿ ಹೇಳುವುದು. ಆದರೆ ಕೀಲಿಮಣೆಯೇ ಮೂಕವಾಗಿರುವಾಗ ಆಜ್ಞೆಯನ್ನು ಬರೆಯುವುದೆಂತು? ವಾಚಕರು ನಗಬಹುದು, ನಾವೂ ನಕ್ಕೆವು. ಪರದೆಯ ಮೇಲೆಯೇ ಕೀಲಿಮಣೆಯ ಚಿತ್ರವನ್ನು ತರಿಸಿ ಮೌಸಿನಿಂದ ಒಂದೊಂದೇ ಅಕ್ಷರ ಒತ್ತುವುದು ಒಂದು ಉಪಾಯ. ನಾವು ಅದಕ್ಕಿಂತ ಸುಲಭದ ಹಾದಿ ಹಿಡಿದೆವು. ಎದುರುಮನೆಯ ಮೇಷ್ಟರ ಕೀಲಿಮಣೆಯನ್ನು ಎರವಲು ತಂದು, ನಮ್ಮದನ್ನು ಕೀಳದೆಯೇ, ಪಕ್ಕದ ಯುಎಸ್‌ಬಿ ಕಿಂಡಿಗೆ ಚುಚ್ಚಿದೆವು. ಒಂದೇ ಯಂತ್ರಕ್ಕೆ ಎರಡು ಕೀಲಿಮಣೆಗಳಿದ್ದರೆ ಅಡ್ಡಿಯಿಲ್ಲ. ಮೇಷ್ಟರದು ಕೂಡಲೇ ಮಾತನಾಡಿತು. ಮದರ್‌ಬೋರ್ಡಿನ ಮೇಲಣ ಆಪಾದನೆ ಅಲ್ಲಿಗೆ ಅರ್ಧ ಬಿದ್ದುಹೋಯಿತು.

ಬಳಿಕ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಎಲ್, ಎಸ್, ಯು, ಎಸ್, ಬಿ ಎಂದು ನಡುವೆ ಸ್ಥಳ ಬಿಡದೆ ಬರೆದು ಎಂಟರ್ ಒತ್ತಿಸಿದೆವು. ಯುಎಸ್‌ಬಿ ಕಿಂಡಿಗಳಲ್ಲಿ ಯಾರಾರು ಬಂದಿದ್ದಾರೆಂಬುದಕ್ಕೆ ತಲಾ ಒಂದು ಸಾಲು ಮೂಡಿತು. ರೂಟ್ ಹಬ್ ಎಂದಿರುವ ಸಾಲುಗಳು ಹೊರಗಿನ ಸಲಕರಣೆಗಳಲ್ಲ, ಯಂತ್ರದೊಳಗಿನವೇ. ಅವನ್ನು ಕಂಡು ಗಾಬರಿಪಡಬೇಕಾದುದಿಲ್ಲ. ಹೆಸರುಗಳು ತಿಳಿಯದಿದ್ದರೂ ಚಿಂತೆಯಿಲ್ಲ. ಸಾಲುಗಳನ್ನು ಎಣಿಸಿ, ಸಲಕರಣೆಯನ್ನು ಕಿತ್ತು, ಮತ್ತೆ ಅದೇ ಆಜ್ಞೆ ಕೊಟ್ಟು ಎಣಿಸಿದರಾಯಿತು. ಮೇಷ್ಟರ ಕೀಲಿಮಣೆಯನ್ನು ಕಿತ್ತು ಚುಚ್ಚಿದಾಗಲೆಲ್ಲ ಒಂದು ಸಾಲು ಇಲ್ಲವಾಗಿ ಮತ್ತೆ ಬಂದಿತು. ಮನೆಯದನ್ನು ಯಾವ ಕಿಂಡಿಗೆ ಚುಚ್ಚಿದರೂ ಎಣಿಕೆ ಏರಲಿಲ್ಲ, ಇಳಿಯಲಿಲ್ಲ. ಅದು ಬಂದಿದ್ದರೂ ಯಂತ್ರದ ಪಾಲಿಗೆ ಬಂದೇ ಇರಲಿಲ್ಲ.

ಎರಡನೆಯದೊಂದು ಪಟ್ಟಿಯೂ ಉಂಟು. ಮದುವೆಮನೆಯ ಬಾಗಿಲಿಗೆ ಬಂದವರೆಲ್ಲ ಪಂಕ್ತಿಯಲ್ಲಿ ಕುಳಿತಿರುವರೆಂದು ಹೇಳಲಾಗದಷ್ಟೆ. ಮೊದಲ ಪಟ್ಟಿ ಬಾಗಿಲಿನದು. ಎಲೆ ಹಾಕಿಸಿಕೊಂಡವರ ಪಟ್ಟಿ ಬೇರೆ. ಸಿ, ಎ, ಟಿ ಎಂದು ಬರೆದು, ಸ್ಥಳ ಬಿಟ್ಟು, ಪ್ರಾಕ್, ಬಸ್, ಇನ್‌ಪುಟ್, ಡಿವೈಸಸ್ ಎಂಬ ನಾಲ್ಕು ಪದಗಳನ್ನು ಪ್ರತಿಯೊಂದರ ಹಿಂದೆಯೂ ಓರೆಗೆರೆಯಿಟ್ಟು ಒಟ್ಟಾಗಿ ಬರೆದರೆ ಅದು ಕಾಣುವುದು. ಪ್ರಾಕ್ ಎಂಬುದಕ್ಕೆ ಪಿ, ಆರ್, ಓ, ಸಿ. ಇಲ್ಲಿ ಎನ್ ಎಂದು ಆರಂಭವಾಗುವ ಸಾಲಿನಲ್ಲಿ ಸಲಕರಣೆಯ ಹೆಸರೂ, ಎಚ್ ಎಂಬ ಸಾಲಿನಲ್ಲಿ ಅದಕ್ಕೆ ಒಪ್ಪಿಸಿದ ಕೆಲಸವೂ ಇರುತ್ತದೆ. ಯಂತ್ರವನ್ನು ಹೊತ್ತಿಸುವ ಗುಂಡಿಯೂ ಇದರಲ್ಲಿ ಹೆಸರು ಬರೆಸಿಕೊಂಡಿರುವುದು ಒಂದು ವಿನೋದ. ಒಂದೇ ಕೀಲಿಮಣೆ ಎರಡು ಮೂರು ಹೆಸರುಗಳಲ್ಲಿ ಕಾಣಿಸಬಹುದು. ಧ್ವನಿ ಏರಿಳಿಸುವಂಥ ವಿಶೇಷ ಕೀಲಿಗಳಿಗೆ ಪ್ರತ್ಯೇಕ ನಮೂದು ಇರುವುದೇ ಅದಕ್ಕೆ ಕಾರಣ. ಹಳೆಯ ಯಂತ್ರಗಳ ದುಂಡುಮೂತಿಯ ಕೀಲಿಮಣೆ ಮೊದಲನೆಯ ಪಟ್ಟಿಯಲ್ಲಿ ಎಂದಿಗೂ ಬಾರದು, ಈ ಎರಡನೆಯದರಲ್ಲಿಯೇ ಹುಡುಕತಕ್ಕದ್ದು.

ವಿಂಡೋಸ್ ಇಟ್ಟುಕೊಂಡಿರುವವರು ಪವರ್‌ಶೆಲ್ ತೆರೆದು, ಗೆಟ್ ಎಂದು ಬರೆದು ಅಡ್ಡಗೆರೆಯಿಟ್ಟು ಪಿಎನ್‌ಪಿಡಿವೈಸ್ ಎಂದು ಸೇರಿಸಬೇಕು. ಆದರೆ ಎಂದೋ ಚುಚ್ಚಿ ಕಿತ್ತುಹಾಕಿದ ಸಲಕರಣೆಗಳ ಹೆಸರೂ ಆ ಪಟ್ಟಿಯಲ್ಲಿ ಉಳಿದಿರುತ್ತವೆ. ಈಗ ಹಾಜರಿಲ್ಲದವುಗಳ ಮುಂದೆ ಅನ್‌ನೋನ್ ಎಂದಿರುವುದನ್ನು ಗಮನಿಸಬೇಕು.

ಅಷ್ಟರಲ್ಲಿ ತಂಗಿಗೆ ಇನ್ನೊಂದು ಭಯ. ಮೇಷ್ಟರ ಕೀಲಿಮಣೆಯ ಮೇಲೆ ಕನ್ನಡ ಅಕ್ಷರಗಳೇ ಇಲ್ಲವಲ್ಲ, ಎರಡು ಪುಟ ಬರೆಯುವುದು ಹೇಗೆಂದಳು. ಕೀಲಿಮಣೆಗೆ ಕನ್ನಡವೂ ತಿಳಿಯದು, ಇಂಗ್ಲಿಷೂ ತಿಳಿಯದು. ಅದು ಕಳುಹಿಸುವುದು ಕೀಲಿಯ ಗುರುತನ್ನು ಮಾತ್ರ. ಇಂಗ್ಲಿಷಿನ ಎಚ್ ಅಚ್ಚಾಗಿರುವ ಕೀಲಿಗೆ ಲಿನಕ್ಸಿನಲ್ಲಿ 35 ಎಂಬ ಸಂಖ್ಯೆ. ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನು ಆರಿಸಿಕೊಂಡರೆ ಆ ಕೀಲಿಗೆ ಹಕಾರವೂ, ಇನ್‌ಸ್ಕ್ರಿಪ್ಟ್ ವಿನ್ಯಾಸವಾದರೆ ಪಕಾರವೂ ಮೂಡುವುದು. ಆದಕಾರಣ ಕನ್ನಡ ಬಾರದಿದ್ದರೆ ಹಾಜರಿಪಟ್ಟಿಯನ್ನು ನೋಡಿ ಫಲವಿಲ್ಲ. ಅದು ವಿನ್ಯಾಸದ ಆಯ್ಕೆಗೆ ಸೇರಿದ ಮಾತು. ಹುಡುಗಿಯ ಆಯ್ಕೆ ಯಂತ್ರದಲ್ಲಿ ಹಾಗೆಯೇ ಇದ್ದಿತು. ಅವಳು ಬರೆಯಲು ಕುಳಿತಳು.

ನಾವು ಮನೆಯ ಕೀಲಿಮಣೆಯ ತಂತಿಯನ್ನು ಬೆರಳಿನಲ್ಲಿ ಸವರುತ್ತ ಮೇಜಿನ ಹಿಂದಕ್ಕೆ ಹೋದೆವು. ಗೋಡೆಯ ಬದಿಯಲ್ಲಿ ಒಂದು ಗೇಣಿನಷ್ಟು ಕಡೆ ಸಿಪ್ಪೆ ಸುಲಿದು ಒಳಗಿನ ಎಳೆಗಳು ತುಂಡಾಗಿದ್ದವು. ಮೌಸೆಂದರೆ ಇಲಿಯಷ್ಟೆ; ಮೇಜಿನ ಮೇಲಿನದು ನಿರಪರಾಧಿ, ಕೆಳಗಿನದು ಅಲ್ಲ. ಸಿಡಿಲಿಗೂ ಅದಕ್ಕೂ ಸಂಬಂಧವಿರಲಿಲ್ಲ.

ಅರ್ಜಿ ರಾತ್ರಿ ಒಂಬತ್ತೂವರೆಗೆ ಹೋಯಿತು. ಮರುದಿನ ತಂಗಿಯ ಯಜಮಾನರು ಅರಕಲಗೂಡಿನಿಂದ ಹೊಸ ಕೀಲಿಮಣೆಯೊಂದನ್ನೂ ಇಲಿಬೋನೊಂದನ್ನೂ ತಂದರು. ಎರವಲು ತಂದುದನ್ನು ಹಿಂದಿರುಗಿಸಲು ಹೋದ ಹುಡುಗಿಯನ್ನು ಮೇಷ್ಟರು ತಮ್ಮ ಯಂತ್ರದ ಮುಂದೆ ಕೂಡಿಸಿ, ಆ ಐದಕ್ಷರದ ಆಜ್ಞೆಯನ್ನು ಕಾಗದದಲ್ಲಿ ಬರೆಸಿಕೊಂಡರು.