ಕೊನೆಯ ಲೋಕಲ್ ಹೋದ ಮೇಲೆ ಶೂಟಿಂಗ್: ಮುಂಬಯಿಯ ಮೊದಲ ಟಾಕಿ ಮತ್ತು ನಮ್ಮವರು

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಲೋಕಲ್‌ನಲ್ಲಿ ನಿಂತ್ಕೊಂಡೇ ಓದ್ಕೊಳ್ತೀವಿ ಅನ್ನೋರಿಗೆ ಈ ಸಲದ ಮಾತು ಬರಹದಲ್ಲಿ ಇಲ್ಲಿದೆ. ಲೋಕಲ್‌ನಲ್ಲಿ ಓದೋಕೆ ಸರಿಯಾದ ವಿಷಯವೇ, ಯಾಕಂದ್ರೆ ಇಡೀ ಕಥೆಯಲ್ಲಿ ಟ್ರೇನಿನದೇ ಕಾಟ.

ಚರ್ನಿ ರೋಡ್ ಬಿಟ್ಟು ಗ್ರಾಂಟ್ ರೋಡ್ ಕಡೆ ಹೋಗುವಾಗ ಹಳಿಯ ಮೇಲೆ ಕೆನಡಿ ಬ್ರಿಜ್ ಸಿಗುತ್ತೆ. ಆ ಬ್ರಿಜ್ಜಿನ ಹತ್ತಿರ, ಹಳಿಯ ಪಕ್ಕದಲ್ಲೇ, ಜ್ಯೋತಿ ಸ್ಟುಡಿಯೋ ಇತ್ತು. ಭಾರತದ ಮೊದಲ ಟಾಕಿ ‘ಆಲಂ ಆರಾ’ ತಯಾರಾದದ್ದು ಅಲ್ಲಿ. ಮಾಡಿದವರು ಇಂಪೀರಿಯಲ್ ಫಿಲ್ಮ್ ಕಂಪನಿಯ ಅರ್ದೇಶಿರ್ ಇರಾನಿ. ಹಾಲಿವುಡ್‌ನ ‘ಶೋ ಬೋಟ್’ ಅನ್ನೋ ಅರೆ-ಟಾಕಿಯನ್ನು ಮುಂಬಯಿಯಲ್ಲೇ ನೋಡಿ, ನಾವೂ ಯಾಕೆ ಮಾಡಬಾರದು ಅಂತ ಹೊರಟವರು.

ಹೊರಟದ್ದೇನೋ ಸರಿ, ಆದ್ರೆ ಸ್ಟುಡಿಯೋ ಕಟ್ಟಿದ್ದು ಮೂಕಿ ಚಿತ್ರಗಳಿಗೆ. ಮೂಕಿ ಸೆಟ್ಟಿನಲ್ಲಿ ಡೈರೆಕ್ಟರ್ ಕೂಗಬಹುದು, ಪಕ್ಕದಲ್ಲಿ ಬಡಗಿ ಮೊಳೆ ಹೊಡೀಬಹುದು, ಟ್ರೇನ್ ಸಿಳ್ಳೆ ಹಾಕಬಹುದು. ಫಿಲ್ಮಿಗೆ ಕಿವಿ ಇರಲಿಲ್ಲ. ಟಾಕಿಯಲ್ಲಿ ಹಾಗಲ್ಲ. ಹೊರಗಿನ ಸದ್ದು ತಡೆಯೋ ಗೋಡೆ ಇಲ್ಲದ ಸ್ಟುಡಿಯೋ, ಪಕ್ಕದಲ್ಲೇ ರೈಲು. ಹಾಗಾಗಿ ಹೆಚ್ಚಿನ ಶೂಟಿಂಗ್ ನಡೆದದ್ದು ರಾತ್ರಿ, ಟ್ರೇನ್ ಓಡಾಟ ನಿಂತ ಮೇಲೆ. ಬೆಳಗಿನ ಮೊದಲ ಟ್ರೇನ್ ಬರೋದ್ರೊಳಗೆ ಕೆಲಸ ಮುಗೀಬೇಕು. ನಮ್ಮಲ್ಲಿ ನೈಟ್ ಶಿಫ್ಟ್ ನಿರ್ಧರಿಸೋದು ಅಮೆರಿಕದ ಕ್ಲೈಂಟ್. ಅಲ್ಲಿ ನಿರ್ಧರಿಸಿದ್ದು ರೈಲ್ವೆ ಟೈಮ್‌ಟೇಬಲ್.

ಇದು ನಮ್ಮ ಬಡತನದ ಕಥೆ ಮಾತ್ರ ಅಂದ್ಕೋಬೇಡಿ. 1929ರ ಜನವರಿಯಲ್ಲಿ ಹಾಲಿವುಡ್‌ನ ಪ್ಯಾರಾಮೌಂಟ್ ಕಂಪನಿ ಹೊಸದಾಗಿ ಕಟ್ಟುತ್ತಿದ್ದ ಸೌಂಡ್ ಸ್ಟೇಜ್ ಬೆಂಕಿಗೆ ಹೋಯ್ತು. ಆಗ ಅವರೂ ಊರು ಮಲಗಿದ ಮೇಲೆ ಹಳೆಯ ಸ್ಟೇಜಿನಲ್ಲೇ ಶೂಟಿಂಗ್ ಮಾಡಿದ್ರು.

ಹಗಲು ಶೂಟ್ ಮಾಡಿ ಆಮೇಲೆ ಸದ್ದು ತೆಗೀಬಹುದಿತ್ತಲ್ವಾ ಅಂತ ನೀವು ಕೇಳ್ತೀರಿ. ಆಗೋ ಹಾಗಿರಲಿಲ್ಲ. ಇರಾನಿ ತರಿಸಿದ್ದು ಟ್ಯಾನಾರ್ ಅನ್ನೋ ಸಿಂಗಲ್ ಸಿಸ್ಟಮ್ ಯಂತ್ರ. ಅಂದ್ರೆ ಒಂದೇ ಫಿಲ್ಮಿನ ಮೇಲೆ ಚಿತ್ರವೂ, ಅಂಚಿನ ಸಣ್ಣ ಪಟ್ಟಿಯಲ್ಲಿ ಶಬ್ದವೂ ಒಟ್ಟಿಗೇ ಅಚ್ಚಾಗುತ್ತೆ. ಇನ್ನೂ ಒಂದು ತೊಡಕು ನೋಡಿ. ಚಿತ್ರ ಹಿಡಿಯುವಾಗ ಫಿಲ್ಮ್ ಒಂದೊಂದು ಫ್ರೇಮಿಗೂ ಗಕ್ಕನೆ ನಿಂತು ಮುಂದೆ ಹೋಗಬೇಕು, ಶಬ್ದ ಹಿಡಿಯುವಾಗ ನಿಲ್ಲದೆ ಒಂದೇ ಸಮ ಓಡಬೇಕು. ಎರಡೂ ಒಂದೇ ಜಾಗದಲ್ಲಿ ಸಾಧ್ಯವಿಲ್ಲ. ಅದಕ್ಕೇ ಒಂದು ಫ್ರೇಮಿನ ಮಾತು ಆ ಫ್ರೇಮಿನ ಪಕ್ಕದಲ್ಲಿ ಇರೋದಿಲ್ಲ, ಸ್ವಲ್ಪ ದೂರದಲ್ಲಿ ಇರುತ್ತೆ. ಚಿತ್ರಕ್ಕೆ ಕತ್ತರಿ ಹಾಕಿದ್ರೆ ಬೇರೆ ಯಾವುದೋ ಮಾತು ತುಂಡಾಗುತ್ತೆ. ಸೆಟ್ಟಿನಲ್ಲಿ ಆದ ತಪ್ಪನ್ನು ಆಮೇಲೆ ಫಿಕ್ಸ್ ಮಾಡ್ತೀವಿ ಅನ್ನೋ ಮಾತೇ ಇಲ್ಲ.

ಯಂತ್ರ ಜೋಡಿಸೋಕೆ ವಿಲ್ಫೋರ್ಡ್ ಡೆಮಿಂಗ್ ಅನ್ನೋ ಅಮೆರಿಕದ ಎಂಜಿನಿಯರ್ ಬಂದಿದ್ರು. ದಿನಕ್ಕೆ 100 ರೂಪಾಯಿ. ಇಡೀ ಚಿತ್ರದ ಖರ್ಚು ಸುಮಾರು 40,000 ಅಂತ ಹೇಳ್ತಾರೆ; 100 ದಿನ ಇಟ್ಕೊಂಡ್ರೆ ಕಾಲು ಭಾಗ ಅವರಿಗೇ. ಇರಾನಿ ಮತ್ತು ಅವರ ಸಹಾಯಕ ರುಸ್ತುಂ ಭರೂಚಾ ಅವರ ಹತ್ತಿರ ಬೇಗಬೇಗ ಕೆಲಸ ಕಲಿತು, ರೆಕಾರ್ಡಿಂಗ್ ತಾವೇ ಮಾಡಿದ್ರು. ನಾಲೆಜ್ ಟ್ರಾನ್ಸ್‌ಫರ್ ಅಂದ್ರೆ ಇದೇ ತಾನೇ?

ಹೀರೋ ಮಾಸ್ಟರ್ ವಿಠ್ಠಲ್ ಮೂಕಿಗಳ ಸ್ಟಂಟ್ ಸ್ಟಾರ್. ಹಳೆಯ ಸ್ಟುಡಿಯೋದ ಕರಾರು ಬಿಟ್ಟು ಬಂದದ್ದಕ್ಕೆ ಕೋರ್ಟ್ ಕೇಸಾಯ್ತು. ಅವರ ಪರ ವಾದಿಸಿ ಗೆದ್ದ ವಕೀಲರು ಮಹಮ್ಮದ್ ಅಲಿ ಜಿನ್ನಾ. ಕೇಸೇನೋ ಗೆದ್ದಾಯ್ತು, ಆದ್ರೆ ವಿಠ್ಠಲ್‌ಗೆ ಹಿಂದೂಸ್ತಾನಿ ಸರಿಯಾಗಿ ಬರ್ತಿರಲಿಲ್ಲ. ಹಾಗಾಗಿ ಹೆಚ್ಚಿನ ದೃಶ್ಯಗಳಲ್ಲಿ ಅವರನ್ನು ಅರೆಪ್ರಜ್ಞೆಯಲ್ಲಿ ಇರೋ ಹಾಗೆ ತೋರಿಸಿದ್ರು. ಟಾಕಿಯ ಹೀರೋಗೆ ಮಾತೇ ಕಡಿಮೆ! 1931ರ ಮಾರ್ಚ್ 14ರಂದು ಗಿರಗಾಂವ್‌ನ ಮೆಜೆಸ್ಟಿಕ್‌ನಲ್ಲಿ ಚಿತ್ರ ಬಿಡುಗಡೆಯಾದಾಗ ಜನರನ್ನು ತಡೆಯೋಕೆ ಪೊಲೀಸರೇ ಬರಬೇಕಾಯ್ತು.

ಇಲ್ಲಿಗೆ ನಮ್ಮವರ ಕಥೆ ಬಂದು ಸೇರುತ್ತೆ. ಮೈಕ್ ಬಂದ ಮೇಲೆ ಸ್ಟಂಟ್‌ಗಿಂತ ಗಂಟಲಿಗೆ ಬೆಲೆ. ಹಿನ್ನೆಲೆ ಗಾಯನದ ಪದ್ಧತಿ ಇನ್ನೂ ಬಂದಿರಲಿಲ್ಲ. ಕ್ಯಾಮೆರಾ ಮುಂದೆ ಅಭಿನಯಿಸುತ್ತಲೇ ಹಾಡಬೇಕು. ಆ ಎರಡೂ ಬಲ್ಲವರು ಎಲ್ಲಿದ್ರು? ನಾಟಕ ಕಂಪನಿಗಳಲ್ಲಿ. ಕನ್ನಡದಲ್ಲಿ ಅಂಥವರಿಗೆ ಬರ ಇರಲಿಲ್ಲ. ಇಲ್ಲದ್ದು ಯಂತ್ರ. ಮೈಸೂರು ಸಂಸ್ಥಾನದಲ್ಲಿ ಟಾಕಿ ತೆಗೆಯೋ ಸ್ಟುಡಿಯೋ ಆಗ ಇರಲಿಲ್ಲ.

ಹಾಗಾಗಿ ಯಂತ್ರ ಇದ್ದ ಕಡೆಗೆ ಜನ ಹೊರಟ್ರು. ‘ಭಕ್ತ ಧ್ರುವ’ ತಯಾರಾದದ್ದು ಇಲ್ಲೇ ಮುಂಬಯಿಯ ಅಜಂತಾ ಸ್ಟುಡಿಯೋದಲ್ಲಿ. ನಿರ್ದೇಶಕರು ಮರಾಠಿಯ ಪಾರ್ಶ್ವನಾಥ ಆಳ್ತೇಕರ್. ಆಧಾರ ರತ್ನಾವಳಿ ನಾಟಕ ಕಂಪನಿಯ ನಾಟಕ. ಧ್ರುವನಾಗಿ ರಂಗದ ಮೇಲೆ ಹೆಸರು ಮಾಡಿದ್ದ ಮಾಸ್ಟರ್ ಮುತ್ತು. ಕೆಲಸ ಮೊದಲು ಶುರುವಾದ ಕನ್ನಡ ಟಾಕಿ ಇದೇ. ಆದರೆ ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ ತಯಾರಾದ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಲ್ಲಿ ಮೊದಲು ತೆರೆ ಕಂಡಿತು, ಮೊದಲ ವಾಕ್ಚಿತ್ರದ ಪಟ್ಟ ಅದಕ್ಕೇ ಹೋಯ್ತು. ಸುಬ್ಬಯ್ಯ ನಾಯ್ಡು ಇಂದ್ರಜಿತು, ಆರ್. ನಾಗೇಂದ್ರರಾವ್ ರಾವಣ, ತ್ರಿಪುರಾಂಬ ಸುಲೋಚನೆ. ಬೆಳ್ಳಾವೆ ನರಹರಿ ಶಾಸ್ತ್ರಿಗಳ ಸಾಹಿತ್ಯ. ಅಂದ್ರೆ ಕನ್ನಡದ ಮೊದಲೆರಡು ಟಾಕಿಗಳೂ ಇವತ್ತಿನ ಮಹಾರಾಷ್ಟ್ರದಲ್ಲಿ ಹುಟ್ಟಿದವು. ಐರೋಲಿ, ಪೊವಾಯಿ, ಮಲಾಡ್ ಅಂತ ಕೆಲಸ ಹುಡುಕಿ ಬಂದ ನಮಗಿಂತ ಬಹಳ ಮೊದಲೇ ನಮ್ಮ ಭಾಷೆ ಸರ್ವರ್ ಹುಡುಕಿಕೊಂಡು ಈ ಕಡೆ ಬಂದಿತ್ತು.

ಈಗ ಬೇಜಾರಿನ ಮಾತು. ‘ಆಲಂ ಆರಾ’ದ ಒಂದು ಪ್ರಿಂಟೂ ಉಳಿದಿಲ್ಲ. ‘ಸತಿ ಸುಲೋಚನಾ’ದ್ದೂ ಇಲ್ಲ. ಆ ಕಾಲದ ನೈಟ್ರೇಟ್ ಫಿಲ್ಮ್ ಬೇಗ ಕೆಡೋದು, ಬೇಗ ಹೊತ್ತಿಕೊಳ್ಳೋದು. ಹಳೇ ರೀಲುಗಳನ್ನು ಬೆಳ್ಳಿಗೋಸ್ಕರ ಕರಗಿಸೋದೂ ಇತ್ತು. ರಾತ್ರಿಯೆಲ್ಲಾ ನಿದ್ದೆಗೆಟ್ಟು ಟ್ರೇನಿನ ಸದ್ದು ತಪ್ಪಿಸಿ ಹಿಡಿದ ಆ ದನಿಗಳನ್ನು ಇನ್ನು ಯಾರೂ ಕೇಳೋ ಹಾಗಿಲ್ಲ. ಉಳಿದಿರೋದು ಕೆಲವು ಫೋಟೋ, ಜಾಹೀರಾತು, ಕಾಗದ. ಬ್ಯಾಕಪ್ ಇಲ್ಲದ ಡೇಟಾ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಅದಕ್ಕೇ ಒಂದು ಕೋರಿಕೆ. ಹಬ್ಬಕ್ಕೆ ಊರಿಗೆ ಹೋದಾಗ ಅಟ್ಟದ ಮೇಲಿನ ಟ್ರಂಕು ತೆಗೆದು ನೋಡಿ. ಅಜ್ಜನ ಕಾಲದ ಸಿನಿಮಾ ಹಾಡಿನ ಪುಸ್ತಕ, ನಾಟಕ ಕಂಪನಿಯ ಕರಪತ್ರ, ಗ್ರಾಮಫೋನ್ ಪ್ಲೇಟು ಸಿಕ್ಕಿದ್ರೆ ರದ್ದಿಗೆ ಹಾಕಬೇಡಿ. ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ, ಆಮೇಲೆ ಪುಣೆಯ ರಾಷ್ಟ್ರೀಯ ಫಿಲ್ಮ್ ಆರ್ಕೈವ್‌ಗೆ ಒಂದು ಪತ್ರ ಬರೆಯಿರಿ. ಮುಂಬಯಿಯಿಂದ ಪುಣೆ ಏನು ದೂರ? ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರಬಹುದು.

ಮತ್ತೆ ಸಿಗೋಣ.