ನಂಬದವನ ಕಿವಿಗೆ ಬಿದ್ದ ಭಕ್ತಿಸಂಗೀತ

ಕೊಪ್ಪದ ನಿವೃತ್ತ ಅಧ್ಯಾಪಕರೊಬ್ಬರು ಪ್ರತಿ ನವರಾತ್ರಿಯಲ್ಲಿ ಶೃಂಗೇರಿಗೆ ಹೋಗಿ ಶಾರದೆಯ ಸನ್ನಿಧಿಯ ಸಂಗೀತ ಕಚೇರಿಗಳನ್ನು ಕೇಳಿ ಬರುತ್ತಾರೆ. ಅವರಿಗೆ ದೇವರಲ್ಲಿ ನಂಬಿಕೆಯಿಲ್ಲ. ನಾನು ನರಸಿಂಹರಾಜಪುರದಲ್ಲಿ ಸಭಾಸೇವೆಯಲ್ಲಿದ್ದಾಗ ಒಮ್ಮೆ ಅವರು, "ಫಾದರ್, ದೇವರನ್ನು ಒಪ್ಪದೆ ಆ ಹಾಡಿಗೆ ಕಣ್ಣೀರು ಹಾಕುವ ನಾನು ಕಳ್ಳನೇ?" ಎಂದು ಕೇಳಿದರು. ಆಗ ನನ್ನಲ್ಲಿ ಉತ್ತರವಿರಲಿಲ್ಲ.

ಪ್ರಶ್ನೆಯು ಹಗುರವಾದುದಲ್ಲ. ಕರ್ನಾಟಕ ಸಂಗೀತದಲ್ಲಿ ನಾದವನ್ನೂ ಪ್ರಾರ್ಥನೆಯನ್ನೂ ಬೇರ್ಪಡಿಸುವುದು ಕಷ್ಟ. ಶೃಂಗೇರಿಯ ಪೀಠಾಧಿಪತಿಗಳಾಗಿದ್ದ ವಿದ್ಯಾರಣ್ಯರೇ 'ಸಂಗೀತಸಾರ'ವೆಂಬ ಶಾಸ್ತ್ರಗ್ರಂಥವನ್ನು ರಚಿಸಿದರೆಂದು ಪರಂಪರೆ ಹೇಳುತ್ತದೆ. ಆ ಗ್ರಂಥ ಉಳಿದಿಲ್ಲ, ಅದರ ಮೇಳ-ರಾಗಗಳ ವಿವರ 17ನೆಯ ಶತಮಾನದ 'ಸಂಗೀತಸುಧಾ'ದಿಂದ ತಿಳಿಯುತ್ತದೆ. ಆಲಾಪನೆಯಲ್ಲಿ ಪದಗಳಿಲ್ಲ; ನಂಬದವನು ಅಲ್ಲಿ ನಿಶ್ಚಿಂತೆಯಿಂದ ವಿಹರಿಸಬಹುದು. ಆದರೆ ನೆರವಲ್‌ನಲ್ಲಿ ಸಾಹಿತ್ಯದ ಒಂದೇ ಸಾಲು ಮತ್ತೆ ಮತ್ತೆ ಹೊಸ ಸ್ವರಸಂಚಾರಗಳಲ್ಲಿ ಮರಳುತ್ತದೆ. ಆ ಸಾಲು ಸಾಮಾನ್ಯವಾಗಿ ಒಂದು ಮೊರೆ. ಅದನ್ನು ಕೇಳದಂತೆ ಕೇಳುವುದು ಹೇಗೆ? ಅಧ್ಯಾಪಕರ ಸಂಕಟ ಇದೇ ಆಗಿತ್ತು.

ಎ. ಎನ್. ಮೂರ್ತಿರಾಯರ 'ದೇವರು' (1991) ಓದಿದವರಿಗೆ ಇಂಥ ಮನೋಧರ್ಮ ಅಪರಿಚಿತವಲ್ಲ. ಪಾಶ್ಚಾತ್ಯ ಸಭೆಯಲ್ಲಿಯೂ ಉದಾಹರಣೆಯುಂಟು. 1906ರ 'ಇಂಗ್ಲಿಷ್ ಹಿಮ್ನಲ್'ನ ಸಂಗೀತ ಸಂಪಾದಕರಾದ ರಾಲ್ಫ್ ವಾನ್ ವಿಲಿಯಮ್ಸ್ ಯೌವನದಲ್ಲಿ ನಾಸ್ತಿಕರು, ಅನಂತರ ಅಜ್ಞೇಯವಾದಿಗಳು. ಅವರು ಕೂಡಿಸಿದ ರಾಗಗಳಲ್ಲಿ ಎಷ್ಟೋ ಸಭೆಗಳು ಇಂದಿಗೂ ದೇವರನ್ನು ಸ್ತುತಿಸುತ್ತಿವೆ. (ಗಾಯನವೃಂದದವರ ವಿಶ್ವಾಸಪ್ರಮಾಣವನ್ನು ಪರೀಕ್ಷಿಸಲು ಆತುರಪಡುವ ಸಭಾಪಾಲಕರು ಇದನ್ನು ನೆನೆಯಲಿ.)

ಸಂತ ಆಗಸ್ಟೀನನ ಭಯ ಇದಕ್ಕೆ ತದ್ವಿರುದ್ಧವಾದುದು. ಹಾಡಿನ ವಿಷಯಕ್ಕಿಂತ ಹಾಡುವಿಕೆಯೇ ತನ್ನನ್ನು ಹೆಚ್ಚು ಕಲಕಿದಾಗ ತಾನು ಪಾಪಮಾಡಿದೆನೆಂದು ಅವನು 'ಕನ್ಫೆಶನ್ಸ್'ನ 10ನೆಯ ಪುಸ್ತಕದಲ್ಲಿ ಒಪ್ಪಿಕೊಳ್ಳುತ್ತಾನೆ. ಅಂದರೆ ನಾದಕ್ಕೆ ಮಾತ್ರ ಮನಸೋಲುವ ದೋಷ ವಿಶ್ವಾಸಿಗೂ ಇದೆ. ಹಾಗಿದ್ದರೆ ಕಳ್ಳರು ಯಾರು? ಆಮೋಸನ 5:23ರಲ್ಲಿ ದೇವರು ತಳ್ಳಿಹಾಕುವುದು ನಂಬಿದ ಜನರ ಗೀತೆಗಳನ್ನೇ.

ಆದರೂ ಆ ಕಣ್ಣೀರನ್ನು ಗುಪ್ತವಿಶ್ವಾಸವೆಂದು ಕರೆದು ಅವರನ್ನು ನಮ್ಮವರೆಂದು ಎಣಿಸಿಕೊಳ್ಳುವುದು ಅನ್ಯಾಯ. ದಾವೀದನು ಕಿನ್ನರಿ ನುಡಿಸಿದಾಗ ಸೌಲನಿಗೆ ಉಪಶಮನವಾಯಿತು (1 ಸಮುವೇಲ 16:23). ಅದೇ ಕಿನ್ನರಿಯ ಮುಂದೆ ಅವನು ಈಟಿಯನ್ನೂ ಎಸೆದನು (18:10-11). ಸಂಗೀತದಿಂದ ದೊರೆಯುವ ಶಾಂತಿ ಸತ್ಯವಾದದ್ದು, ಆದರೆ ಅದು ಮನಪರಿವರ್ತನೆಯಲ್ಲ. ಅವಿಶ್ವಾಸಿಗಳಲ್ಲಿ ತೋರುವ ಸತ್ಯವನ್ನು ತಿರಸ್ಕರಿಸುವುದು ಪವಿತ್ರಾತ್ಮನನ್ನೇ ಅವಮಾನಿಸಿದಂತೆ ಎಂದು ಕ್ಯಾಲ್ವಿನ್ ಬೋಧಿಸಿದನು. ಸೌಂದರ್ಯಕ್ಕೂ ಇದು ಸಲ್ಲುತ್ತದೆಂಬುದು ನನ್ನ ಅಭಿಪ್ರಾಯ. ದಾನವನ್ನು ಅನುಭವಿಸುವವನು ದಾತನನ್ನು ಅರಿಯದಿರಬಹುದು. ಅಷ್ಟಕ್ಕೇ ಅವನು ಕಳ್ಳನಾಗುವುದಿಲ್ಲ.

ತಿಂಗಳುಗಳ ಬಳಿಕ ಇದನ್ನೇ ಅವರಿಗೆ ಹೇಳಿದೆನು. "ದಾತ ಎಂಬ ಮಾತನ್ನು ನೀವು ಬಿಡುವುದಿಲ್ಲ" ಎಂದು ನಕ್ಕರು. ಆ ವರ್ಷದ ಶುಭ ಶುಕ್ರವಾರ ನಮ್ಮ ದೇವಾಲಯದ ಕೊನೆಯ ಬೆಂಚಿನಲ್ಲಿ ಕುಳಿತು ಕೀರ್ತನೆಗಳನ್ನು ಕೇಳಿದರು. ಪ್ರಸಂಗ ಆರಂಭವಾಗುವ ಮೊದಲೇ ಎದ್ದು ಹೋದರು.